ಮೂರನೆಯ ಹೊಲಿಗೆಗೆ ಗಂಟು

ಬಿಚ್ಚುವುದೂ ಒಂದು ಕೆಲಸವೇ, ಹೊಲಿಯುವುದಕ್ಕಿಂತ ನಾಜೂಕಿನ ಕೆಲಸ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಸ್ಸು ಕುಲುಕಿದಾಗಲೆಲ್ಲ ಪುಟ್ಟ ಕತ್ತರಿಯ ಮೂತಿಯನ್ನು ಬಟ್ಟೆಯಿಂದ ಮೇಲೆತ್ತಿ, ರಸ್ತೆ ಸರಿಹೋದ ಮೇಲೆ ಮತ್ತೆ ಇಳಿಸುತ್ತಿದ್ದಳು. ತೊಡೆಯ ಮೇಲೆ ಗೇಣಗಲದ ಕೌದಿಪಟ್ಟಿ. ಮೇಲೆ ಮಗಳ ಹಳೆಯ ಫ್ರಾಕಿನ ತುಂಡುಗಳು, ನಡುವೆ ಸವೆದ ಕಂಬಳಿ, ಕೆಳಗೆ ಗಂಡನ ಅಂಗಿಯ ಬೆನ್ನು. ಇಡೀ ಕೌದಿ ಹೊತ್ತುಕೊಂಡು ಊರೂರು ಸುತ್ತಲಾದೀತೆ? ಅದಕ್ಕೇ ಪಟ್ಟಿ ಪಟ್ಟಿಯಾಗಿ ಹೊಲಿಯುವ ಉಪಾಯ ಹೂಡಿದ್ದಳು: ಪ್ರವಾಸಕ್ಕೆ ಒಂದು ಪಟ್ಟಿ ಚೀಲದಲ್ಲಿ, ಉಳಿದವು ಮನೆಯಲ್ಲಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ, ಕೊನೆಗೊಂದು ದಿನ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಕೂಡಿಸುವುದು. ಆದರೆ ಈಚೆಗೆ ಪೆಟ್ಟಿಗೆಯಿಂದ ಹೊಸ ಪಟ್ಟಿ ತೆಗೆದಾಗಲೆಲ್ಲ ಅದರಲ್ಲಿ ಅವಳು ಹಾಕದ ಹೊಲಿಗೆ ಇರುತ್ತಿತ್ತು. ಒಂದು ಸಾಲು, ಕೆಲವೊಮ್ಮೆ ಎರಡು. ಅವಳದು ಅಂಗುಲಕ್ಕೆ ಎಂಟು ಹೊಲಿಗೆ, ಅಳೆದಿಟ್ಟ ಹಾಗೆ. ಇದು ಅಂಗುಲಕ್ಕೆ ಐದು, ಅದೂ ಒಂದು ಉದ್ದ ಒಂದು ಗಿಡ್ಡ, ದಪ್ಪ ಸೂಜಿ ತೂರಿದ ಕಣ್ಣು ಕಣ್ಣು ತೂತು. ಸಾಲದ್ದಕ್ಕೆ ನಡುನಡುವೆ ಗಂಟು ಬೇರೆ. ಆ ಗಂಟುಗಳಂತೂ ಕತ್ತರಿ ತೂರದಷ್ಟು ಬಿಗಿ. ಇಂಥ ನಾಲ್ಕು ಪಟ್ಟಿಗಳನ್ನು ಅವಳು ಆಗಲೇ ಬಿಚ್ಚಿ ಮುಗಿಸಿದ್ದಳು. ಇದು ಐದನೆಯದು, ಕೊನೆಯದು. ಪಕ್ಕದಲ್ಲಿ ಕೂತ ಹೆಂಗಸು ಅರ್ಧ ಗಂಟೆಯಿಂದ ನೋಡುತ್ತಿದ್ದವಳು ತಡೆಯಲಾರದೆ, "ಅಷ್ಟು ಗಟ್ಟಿಯಾಗಿ ಹೊಲ್ದಿದ್ದನ್ನ ಯಾಕಮ್ಮ ಬಿಚ್ತೀಯ?" ಎಂದು ಕೇಳಿದಳು. "ಮಕ್ಕಳ ಕೆಲಸ," ಎಂದಳು ಇವಳು, ನಗುತ್ತ, ಮಕ್ಕಳಿರುವ ಯಾರಿಗಾದರೂ ಅಷ್ಟು ಸಾಕು ಎಂಬ ಧಾಟಿಯಲ್ಲಿ. ಆ ಹೆಂಗಸು ಪಟ್ಟಿಯನ್ನು ಇನ್ನೊಮ್ಮೆ ನೋಡಿ ಕಿಟಕಿಯ ಕಡೆಗೆ ತಿರುಗಿದಳು.

ತಪ್ಪು ಹಿಡಿಯುವುದೇ ಅವಳ ಉದ್ಯೋಗ. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಬಟ್ಟೆ ಅಳೆಯುವ ಕೋಲು, ಎಣ್ಣೆಯ ಅಳತೆಪಾತ್ರೆ, ಇವೆಲ್ಲ ಸರಿಯಾಗಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು. ತಿಂಗಳಲ್ಲಿ ಹದಿನೈದು ದಿನ ಪ್ರವಾಸ. ಅವಳು ಬೀದಿಗೆ ಕಾಲಿಟ್ಟರೆ ಸಾಕು, "ಅಳತೆ ಮೇಡಂ ಬಂದ್ರು" ಎಂದು ಅಂಗಡಿಯಿಂದ ಅಂಗಡಿಗೆ ಸುದ್ದಿ ಅವಳಿಗಿಂತ ಮೊದಲು ಓಡುತ್ತಿತ್ತು. ಮನೆಯಲ್ಲೂ ಗಂಡ ಅದೇ ಹೆಸರಿಟ್ಟಿದ್ದ. ಪಂಪು ರಿಪೇರಿ ಮಾಡುವ ಅವನಿಗೆ ಎಣ್ಣೆ ಹತ್ತಿದ ಕೈಯಂತೆಯೇ ಬಾಯಿಯೂ ಜಾರುತ್ತಿತ್ತು. "ಊರವರ ಅಳತೆಯೆಲ್ಲ ಇವಳಿಗೆ ಗೊತ್ತು, ಮಗಳ ಅಳತೆ ಮಾತ್ರ ಗೊತ್ತಿಲ್ಲ," ಎಂದು ಅವನು ತಮಾಷೆಗೇ ಅಂದಿದ್ದ, ಅವಳೂ ನಕ್ಕಿದ್ದಳು. ಆ ಮಾತು ಮಾತ್ರ ಹೊಟ್ಟೆಯೊಳಗೆ ಹೋಗಿ ಕೂತಿತ್ತು, ಯಾಕೆಂದರೆ ಅದು ನಿಜ. ಮಗಳು ಹುಟ್ಟಿದಾಗ ಮಾವ ಎರಡು ಕೈಯಲ್ಲಿ ಎತ್ತಿಕೊಂಡು, "ಚೋಟುದ್ದ ಇದ್ದಾಳಲ್ಲಪ್ಪ," ಎಂದಿದ್ದರು. ಚೋಟಿ ಎಂಬ ಹೆಸರು ಅಂಟಿಕೊಂಡಿತು. ಆ ಚೋಟುದ್ದದ ಕೂಸಿಗೆಂದು ಹೊಲಿಯಲು ಹಿಡಿದದ್ದು ತೊಟ್ಟಿಲ ಕೌದಿ. ತೊಟ್ಟಿಲ ಕೌದಿ ಮುಗಿಯುವಷ್ಟರಲ್ಲಿ ಮಗು ತೊಟ್ಟಿಲು ಬಿಟ್ಟಿತು. ಸರಿ, ಇನ್ನೆರಡು ಸಾಲು ಸೇರಿಸಿದರಾಯಿತು ಎಂದುಕೊಂಡಳು. ಸೇರಿಸುವಷ್ಟರಲ್ಲಿ ಮಗು ಶಾಲೆಗೆ ಹೊರಟಿತು. ಈಗ ಚೋಟಿ ಅಮ್ಮನ ಭುಜ ಮುಟ್ಟುತ್ತಾಳೆ, ಬರುವ ತಿಂಗಳು ಹನ್ನೆರಡು ತುಂಬುತ್ತದೆ, ಕೌದಿ ಮಾತ್ರ ಹನುಮಂತನ ಬಾಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮನೇಲಿ ಉಲ್ಟಾ, ಕಾಲು ಚಾಚಿದಷ್ಟೂ ಹೊದಿಕೆ ಹೊಲೀತಾರೆ," ಎಂದು ಗಂಡ ಅದಕ್ಕೂ ಒಂದು ಮಾತು ಕಟ್ಟಿದ್ದ. ಅವಳಿಗೆ ಒಳಗೊಳಗೇ ಒಂದು ಹೆದರಿಕೆಯಿತ್ತು, ಯಾರಿಗೂ ಹೇಳುವಂಥದ್ದಲ್ಲ: ಹನ್ನೆರಡರೊಳಗೆ ಇದು ಮುಗಿಯದಿದ್ದರೆ ಮಗಳು ತನ್ನ ಕೈ ಮೀರಿ ಎಲ್ಲೋ ಹೋಗಿಬಿಡುತ್ತಾಳೆ, ಆಮೇಲೆ ಎಷ್ಟು ಹೊಲಿದರೂ ಅವಳಿಗೆ ಸಾಲುವುದಿಲ್ಲ ಎಂದು.

ಅದಕ್ಕೇ ಇರಬೇಕು ಮೂರು ವಾರದ ಹಿಂದಿನ ಆ ಭಾನುವಾರ ಅಷ್ಟು ಸಿಟ್ಟು ಬಂದದ್ದು. ನಾದಿನಿ, ಅವಳ ಇಬ್ಬರು ಮಕ್ಕಳು, ಎಲ್ಲ ಊಟ ಮುಗಿಸಿ ನಡುಮನೆಯಲ್ಲಿ ಕೂತಿದ್ದರು. ಕೌದಿ ಎಲ್ಲಿಗೆ ಬಂತು ಅತ್ತಿಗೆ ಎಂದು ನಾದಿನಿ ಕೇಳಿದ್ದೇ ನೆಪವಾಗಿ ಇವಳು ಪೆಟ್ಟಿಗೆ ಎಳೆದು ತಂದು ತೋರಿಸಿದ್ದಳು. ಮೇಲಿನ ಪಟ್ಟಿಯಲ್ಲೇ ಆ ವಕ್ರ ಸಾಲುಗಳು. ಪೆಟ್ಟಿಗೆಯ ಮೂಲೆಯ ಸೂಜಿದಿಂಬಿನಲ್ಲಿ ಏಳೆಂಟು ಸೂಜಿ, ಎಲ್ಲಕ್ಕೂ ನೂಲು ಪೋಣಿಸಿ ಬಿಟ್ಟದ್ದು, ಇಷ್ಟುದ್ದ ನೂಲು ದಂಡ. "ಎಷ್ಟು ಸಲ ಹೇಳ್ಬೇಕೇ ನಿನಗೆ, ಮುಟ್ಬೇಡ ಅಂತ? ಇದೇನು ಹೊಲಿಗೆನಾ, ಕೋಳಿ ಕೆದಕಿದ ಹಾಗಿದೆ. ಕೈ ನಿಲ್ಲದವರು ಸೂಜಿ ಹಿಡೀಬಾರದು!" ಎಂದು ಚೋಟಿಗೆ ಬೈದು ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಿದ್ದಳು. ನಾದಿನಿಯ ಮಕ್ಕಳು ಕಿಸಕ್ಕೆಂದವು. ಚೋಟಿ ಏನೋ ಹೇಳಲು ಬಾಯಿ ತೆರೆದು, ಅಜ್ಜನ ಕಡೆ ನೋಡಿ, ಮುಚ್ಚಿಕೊಂಡಳು. ಆಮೇಲೆ ಒಂದೇ ಮಾತು: "ನಂಗೆ ಆ ಕೌದಿ ಬೇಡ ಬಿಡಮ್ಮ." ಆ ಹೊತ್ತಿನಲ್ಲೇ ಮೂಲೆಯ ಕುರ್ಚಿಯಲ್ಲಿದ್ದ ಮಾವ ಕನ್ನಡಕ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ ಸದ್ದಾಗಿತ್ತು. ವಯಸ್ಸಾದವರು, ಗಲಾಟೆ ಸೇರುವುದಿಲ್ಲ ಎಂದುಕೊಂಡಿದ್ದಳು. ಅಂದಿನಿಂದ ಪೆಟ್ಟಿಗೆಯಲ್ಲಿ ಹೊಸ ವಕ್ರ ಹೊಲಿಗೆ ಕಾಣಿಸಲಿಲ್ಲ. ಬೈದದ್ದು ಹೆಚ್ಚಾಯಿತೇನೋ ಎಂದು ಅನ್ನಿಸಿದಾಗೆಲ್ಲ, ಬೈದದ್ದಕ್ಕೇ ತಾನೇ ಅದು ನಿಂತದ್ದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಮಗಳು ಮೂರು ವಾರದಿಂದ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಬಸ್ಸು ನಿಂತಿತು. ಪಟ್ಟಿಯ ಸಾಲು ಅರ್ಧ ಬಿಚ್ಚಿತ್ತು. ಕತ್ತರಿಯನ್ನು ಒರೆಗೆ ಹಾಕಿ, ತೂಕದ ಕಲ್ಲುಗಳ ಪೆಟ್ಟಿಗೆ ಹೊತ್ತು ಇಳಿದಳು.

ಅಂದಿನ ಮೊದಲ ತಪಾಸಣೆ ಅಂಚೆ ಕಚೇರಿಯ ಪಾರ್ಸಲ್ ತಕ್ಕಡಿ. ಸಣ್ಣ ಊರಿನ ಸಣ್ಣ ಕಚೇರಿ. ಅಂಟು, ಅರಗು, ಹಳೇ ಗೋಣಿಯ ವಾಸನೆ. ಪಾರ್ಸಲ್ ಕೌಂಟರಿನ ಹಿಂದೆ ನರೆಗೂದಲಿನ ದಪ್ಪ ಹೆಂಗಸು ಬಟ್ಟೆ ಸುತ್ತಿದ ಗಂಟೊಂದನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ದಬ್ಬಣ ಆಡಿಸುತ್ತಿದ್ದಳು. ತಪಾಸಣೆಯವರೆಂದರೆ ಎದ್ದು ನಿಲ್ಲುವ ಜಾತಿಯಲ್ಲ ಅದು. "ಒಂದು ನಿಮಿಷ ಕೂತ್ಕೊಳ್ಳಿ ಮೇಡಂ. ಮೊದಲು ಇದರ ಬಾಯಿ ಹೊಲೀತೀನಿ, ಆಮೇಲೆ ನಿಮ್ಮ ಬಾಯಿಗೆ ಸಿಗ್ತೀನಿ," ಎಂದಳು. ಅವಳು ಕೂತಳು. ಕಾಯುವಾಗ ಅಳೆಯುವುದು ಅವಳ ಚಾಳಿ. ಕಣ್ಣು ತಾನಾಗಿ ಹೊಲಿಗೆ ಎಣಿಸತೊಡಗಿತು. ಒಂದು, ಎರಡು, ಮೂರನೆಯದಕ್ಕೆ ದಬ್ಬಣ ಹಿಂದೆ ತಿರುಗಿ, ನೂಲು ಎರಡು ಸುತ್ತು ಸುತ್ತಿ, ಹಲ್ಲು ಕಚ್ಚಿ ಎಳೆದಾಗ ಒಂದು ಗಂಟು. ಒಂದು, ಎರಡು, ಗಂಟು. ಅಂಗುಲಕ್ಕೆ ಐದು. ಅವಳ ಕೈ ಚೀಲದೊಳಗೆ ಹೋಗಿ ಪಟ್ಟಿಯನ್ನು ಹುಡುಕಿ, ಬಿಚ್ಚದೆ ಉಳಿದ ಅರ್ಧ ಸಾಲಿನ ಮೇಲೆ ಹೆಬ್ಬೆರಳು ಓಡಿಸಿತು. ಒಂದು, ಎರಡು, ಗಂಟು. ನಡುನಡುವೆ ಎಂದುಕೊಂಡಿದ್ದಳಲ್ಲ, ನಡುನಡುವೆ ಅಲ್ಲ. ಪ್ರತಿ ಮೂರನೆಯದು. ಅಷ್ಟು ಪಟ್ಟಿ ಬಿಚ್ಚಿದವಳು, ಅಳತೆ ಮೇಡಂ, ಇದನ್ನು ಎಣಿಸಿಯೇ ಇರಲಿಲ್ಲ.

"ಮೂರನೇದಕ್ಕೆ ಯಾಕೆ ಗಂಟು ಹಾಕ್ತೀರ?" ಎಂದು ಕೇಳಿದಾಗ ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

"ದಾರೀಲಿ ಎಲ್ಲೋ ಒಂದು ಕಡೆ ನೂಲು ಹರೀತು ಅಂದ್ಕೊಳ್ಳಿ. ಸಾದಾ ಹೊಲಿಗೆ ಆದ್ರೆ ಪೂರ್ತಿ ಬಾಯಿ ಬಿಡುತ್ತೆ. ಇದಾದ್ರೆ ಎರಡೇ ಬಿಚ್ಚೋದು, ಮೂರನೇದು ಹಿಡ್ಕೊಳ್ಳುತ್ತೆ. ದೂರ ಹೋಗೋ ಸಾಮಾನಿಗೆ ಹೀಗೇ ಹೊಲೀಬೇಕು ಅಂತ ನಮ್ಮ ಹಳಬರು ಕಲಿಸಿದ್ದು. ಈಗಿನೋರು ಟೇಪು ಅಂಟಿಸಿ ಕೈ ತೊಳ್ಕೋತಾರೆ."

"ಬೇರೆಯವರೂ ಹೀಗೆ ಹೊಲೀತಾರಾ? ದರ್ಜಿಗಳು?"

"ದರ್ಜಿಗಳು ನೋಡಿದ್ರೆ ನಗ್ತಾರೆ. ಇದು ಅಂಚೆಯೋರ ಹೊಲಿಗೆ ಮೇಡಂ. ಬಿಚ್ಚಕ್ಕಾಗಲ್ಲ, ಕತ್ತರಿಸ್ಬೇಕು ಅಷ್ಟೇ."

ಮಾವ ಅಂಚೆಯಲ್ಲಿ ಮೂವತ್ತೊಂದು ವರ್ಷ ಇದ್ದವರು. ಅದು ಅವಳಿಗೆ ಗೊತ್ತಿದ್ದದ್ದೇ. ಮದುವೆಯ ಮಾತುಕತೆಯಲ್ಲೇ ಹೇಳಿದ್ದರು. ಅಂಚೆ ಎಂದರೆ ಅವಳು ಚೀಟಿ, ಮುದ್ರೆ, ಕಿಟಕಿಯ ಹಿಂದಿನ ಮುಖ ಎಂದು ತಿಳಿದಿದ್ದಳು. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿ, ಅಲ್ಲಿ ನೀವು ಏನು ಮಾಡುತ್ತಿದ್ದಿರಿ ಮಾವ ಎಂದು ಒಂದು ದಿನವೂ ಕೇಳಿರಲಿಲ್ಲ. ಹಳೇ ಪೇಪರಿನ ಕಟ್ಟಿಗೆ, ಅಕ್ಕಿಚೀಲಕ್ಕೆ, ಚೋಟಿಯ ಊಟದ ಡಬ್ಬಿಯ ಬಟ್ಟೆಗೆ ಅವರು ಹಾಕುವ ಗಂಟು ಬಿಚ್ಚಬೇಕಾದರೆ ಹಲ್ಲೇ ಬೇಕು ಎಂದು ಗಂಡ ಗೊಣಗುವುದನ್ನು ದಿನವೂ ಕೇಳಿದ್ದಳು. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ, ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿ ಕೊಡಬೇಕು; ಕೊಡುವವಳು ಅವಳೇ. ಕೈ ನಿಲ್ಲದವರು ಸೂಜಿ ಹಿಡೀಬಾರದು. ಯಾರ ಎದುರಿಗೆ ಅಂದಳು! ಕನ್ನಡಕದ ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿತು, ಈ ಸಲ ಅವಳ ಕಿವಿಯ ಪಕ್ಕದಲ್ಲೇ. ಪೋಣಿಸಿಟ್ಟ ಆ ಸೂಜಿಗಳು! ಸೂಜಿಯ ಕಣ್ಣು ಅವರಿಗೆ ಕಾಣುವುದಿಲ್ಲ, ಅದಕ್ಕೇ ಚೋಟಿ ಶಾಲೆಗೆ ಹೋಗುವ ಮೊದಲು ದಿನಕ್ಕೆ ಬೇಕಾದಷ್ಟು ಪೋಣಿಸಿಟ್ಟು ಹೋಗುತ್ತಿದ್ದಳು. ಎದ್ದು ತಕ್ಕಡಿಯ ಮೇಲೆ ಕಲ್ಲಿಟ್ಟಳು, ಪುಸ್ತಕದಲ್ಲಿ ಬರೆದಳು. ಕೌಂಟರಿನ ಹೆಂಗಸು ಇಣುಕಿ ನೋಡಿ, "ಮೇಡಂ, ಇಟ್ಟಿರೋದು ಐದರ ಕಲ್ಲು, ಬರೆದಿರೋದು ಎರಡು," ಎಂದಳು, ದನಿ ತಗ್ಗಿಸಿ, ಬೇರೆ ಯಾರಿಗೂ ಕೇಳದ ಹಾಗೆ. ಆ ತಗ್ಗಿಸಿದ ದನಿಯ ಮರ್ಯಾದೆಯನ್ನು ತಾನು ಮಗಳಿಗೆ ಕೊಡಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಗೀಟು ಹೊಡೆದು ಸರಿಯಾಗಿ ಬರೆದಳು. ಆಮೇಲೆ ಚೀಲದಿಂದ ಪಟ್ಟಿ ತೆಗೆದು ಕೌಂಟರಿನ ಮೇಲೆ ಹರಡಿ, "ಇದನ್ನ ನಂಗೆ ಹೇಳಿಕೊಡ್ತೀರಾ?" ಎಂದು ಕೇಳಿದಳು.

ಉಳಿದ ಕೆಲಸ ಮುಗಿಸಿ ಮನೆಗೆ ಮರಳುವ ಮಧ್ಯಾಹ್ನದ ಬಸ್ಸಿನಲ್ಲಿ ಬಿಚ್ಚಿದ ಸಾಲನ್ನು ಮತ್ತೆ ಹೊಲಿಯಲು ಕೂತಳು. ಹುಡುಕಬೇಕಾಗಿರಲಿಲ್ಲ, ದಪ್ಪ ಸೂಜಿಯ ತೂತುಗಳು ಹಾಗೇ ಇದ್ದವು. ಆ ತೂತುಗಳಲ್ಲೇ ಹೋಗಬೇಕು. ಹೋಗುತ್ತ ಹೋಗುತ್ತ ಅವಳಿಗೆ ಮಾವನ ಮಧ್ಯಾಹ್ನಗಳು ಕಂಡವು. ಇಲ್ಲಿ ಕೈ ನಡುಗಿ ಸೂಜಿ ಪಕ್ಕಕ್ಕೆ ಬಿದ್ದಿದೆ, ಇಲ್ಲಿ ಎರಡು ಸಲ ಚುಚ್ಚಿ ನೋಡಿ ಮೂರನೆಯ ಸಲ ಸರಿಹೋಗಿದೆ, ಇಲ್ಲಿ ಬೇಸರ ಬಂದು ನಿಲ್ಲಿಸಿ ಮರುದಿನ ಶುರುಮಾಡಿದ್ದಾರೆ. ಒಂದು ಗೇಣು ಹೊಲಿಯಲು ಅವರಿಗೆ ಒಂದು ಇಡೀ ದಿನ ಹಿಡಿದಿರಬೇಕು. ತನಗೆ ಬಿಚ್ಚಲು ಹಿಡಿದದ್ದು ಎರಡು ಊರಿನ ನಡುವಿನ ದಾರಿ. ಮನಸ್ಸು ಅಲ್ಲೇ ಒಂದು ಕಳ್ಳದಾರಿಯನ್ನೂ ತೋರಿಸಿತು: ಸುಮ್ಮನೆ ಇದೊಂದನ್ನು ಮೊದಲಿದ್ದ ಹಾಗೆ ಹೊಲಿದು ಪೆಟ್ಟಿಗೆಗೆ ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ, ಬೈದದ್ದು ಹಳೇ ಮಾತಾಯಿತು, ಎಲ್ಲರೂ ಮರೆತಿರುತ್ತಾರೆ. ಎಷ್ಟೋ ಅಂಗಡಿಯವರು ತೂಕದ ಕಲ್ಲಿನ ಅಡಿಗೆ ಮೇಣ ಮೆತ್ತಿ, ಗೊತ್ತೇ ಇರಲಿಲ್ಲ ಮೇಡಂ ಎಂದು ಅವಳೆದುರು ಕೈ ಮುಗಿದಿದ್ದರು. ಅವರ ಮುಖಗಳೆಲ್ಲ ಒಂದರ ಹಿಂದೆ ಒಂದು ಬಂದು ಹೋದವು. ನಾಲ್ಕು ಪಟ್ಟಿ ಬಿಚ್ಚಿ ಹಾಳು ಮಾಡಿದ್ದೇನೆ ಎಂದು ಹೇಳಲೇಬೇಕು. ಅದನ್ನು ಹೇಳದೆ ಚೋಟಿ ಇನ್ನೊಂದು ಸಲ ತನ್ನ ಮುಖ ನೋಡಿ ನಗಲಾರಳು, ಮಾವ ಸೂಜಿ ಮುಟ್ಟಲಾರರು. ಹೇಳಿದರೂ ಹಾಗಾಗುತ್ತದೆ ಎಂದು ಯಾವ ಭರವಸೆಯೂ ಇರಲಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಾವ ಜಗಲಿಯಲ್ಲಿ ತಟ್ಟೆ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು, ಸುಲಿದದ್ದರಲ್ಲಿ ಅರ್ಧ ನೆಲದ ಮೇಲಿತ್ತು. ಚೋಟಿ ಮೆಟ್ಟಿಲ ಮೇಲೆ ಕೂತು ನಕ್ಷೆಗೆ ಬಣ್ಣ ತುಂಬುತ್ತಿದ್ದವಳು ಅಮ್ಮನನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು. ಅವಳು ಚಪ್ಪಲಿ ಬಿಡುವ ಮೊದಲೇ ಪಟ್ಟಿಯನ್ನು ತೆಗೆದು ಮಾವನ ತೊಡೆಯ ಮೇಲಿಟ್ಟಳು.

"ಮಾವ, ಇದು ನಿಮ್ಮ ಹೊಲಿಗೆ ಅಂತ ನಂಗೆ ಗೊತ್ತಾಗ್ಲಿಲ್ಲ. ಎಲ್ಲಾ ಬಿಚ್ಚಿಬಿಟ್ಟೆ. ಇದು ಐದನೇದು," ಎಂದಳು. "ಅವತ್ತು ಎಲ್ಲರ ಮುಂದೆ ಹಾಗಂದ್ನಲ್ಲ, ಅದು ನಿಮಗೆ ಅಂದ ಹಾಗಾಯ್ತು. ತಪ್ಪಾಯ್ತು ಮಾವ."

ಮಾವ ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳನ್ನು ಸಾಲಿನ ಮೇಲೆ ಮೆಲ್ಲಗೆ ಓಡಿಸಿದರು, ಅಳಿಸಿಹೋದ ಮುದ್ರೆ ಓದುವವರ ಹಾಗೆ. ಒಂದು ಕಡೆ ನಿಲ್ಲಿಸಿ, "ಇಲ್ಲಿ ಮೂರನೇದಕ್ಕೆ ಗಂಟು ಮರೆತಿದ್ದೀಯಮ್ಮ," ಎಂದರು. "ಇಲ್ಲೂ."

"ಬಸ್ಸು ಕುಲುಕ್ತಿತ್ತು."

"ಅದಕ್ಕೇ ತಾನೆ ಗಂಟು ಹಾಕೋದು. ಬಸ್ಸಲ್ಲಿ ಹೋಗೋ ಬಟ್ಟೆ ಅಲ್ವಾ ಅದು." ಅವರು ನಗುತ್ತ ಪಟ್ಟಿಯನ್ನು ತೊಡೆಯ ಮೇಲೆ ನೀವಿದರು. "ನೀನು ಬಂದಾಗೆಲ್ಲ ಬೆನ್ನು ಬಗ್ಗಿಸ್ಕೊಂಡು ಅದರ ಮುಂದೇನೇ ಕೂರ್ತೀಯ. ಮಗು ನಿನ್ನ ಜೊತೆ ಮಾತಾಡ್ಬೇಕು ಅಂತ ಸುತ್ತಾಡಿ ಸುತ್ತಾಡಿ ಮಲಗುತ್ತೆ. ನೀನು ಇಲ್ದಿದ್ದಾಗ ನಾವು ಒಂದೊಂದು ಸಾಲು ಹಾಕಿದ್ರೆ, ಬಂದಾಗ ಅಮ್ಮ ಸುಮ್ನೆ ಕೂತ್ಕೋತಾಳೆ ಅಂತ ಚೋಟಿನೇ ಲೆಕ್ಕ ಹಾಕಿದ್ದು. ಹೇಳ್ಬೇಡ ಅಂತ ಆಣೆ ಹಾಕಿಸಿದ್ದು ಮಾತ್ರ ನಾನು. ಮುದುಕನ ಜಂಬ."

ಅವಳು ಮೆಟ್ಟಿಲ ಕಡೆ ತಿರುಗಿದಳು. ಬಣ್ಣದ ಕಡ್ಡಿ ಒಂದೇ ಜಾಗವನ್ನು ಉಜ್ಜುತ್ತಿತ್ತು. "ಆಣೆ ಇದ್ರೆ ಏನಾಯ್ತು, ನಾನಲ್ಲ ಅಂತಾದ್ರೂ ಅನ್ಬಾರದಿತ್ತೇನೇ ಚೋಟಿ?"

"ನೀನು ಕೇಳ್ಲೇ ಇಲ್ಲ," ಎಂದಳು ಹುಡುಗಿ, ತಲೆಯೆತ್ತದೆ. "ಬೈದೆ ಅಷ್ಟೇ."

ನಕ್ಷೆ ಮಡಚಿಕೊಂಡು ಒಳಗೆ ಹೋದಳು. ಹಿಂದೆ ಹೋಗಲು ಹೊರಟವಳನ್ನು ಮಾವ ತಡೆದರು. "ಬಿಡು. ನನ್ನ ಮೊಮ್ಮಗಳು ಅದು. ಗಂಟು ಅಷ್ಟು ಬೇಗ ಬಿಚ್ಚಲ್ಲ," ಎಂದರು. ಅವಳು ನೆಲಕ್ಕೆ ಬಿದ್ದ ಬಟಾಣಿಕಾಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕುತ್ತ ಅಲ್ಲೇ ಕೂತಳು. ಅಂಚೆಯಲ್ಲಿ ದಿನಕ್ಕೆ ಎಷ್ಟು ಪಾರ್ಸಲ್ ಹೊಲಿಯುತ್ತಿದ್ದಿರಿ ಮಾವ ಎಂದು ಕೇಳಿದಳು. ಅವರು ಹೇಳತೊಡಗಿದರು. ದೀಪ ಹಾಕುವ ಹೊತ್ತಾದರೂ ಮುಗಿಯಲಿಲ್ಲ.

ಭಾನುವಾರ ನಾದಿನಿ ಮಕ್ಕಳೊಂದಿಗೆ ಬಂದಿದ್ದಾಗ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಅವಳು ಸಾರಿನ ಪಾತ್ರೆ ಕೆಳಗಿಟ್ಟು ಹೇಳಿದಳು: "ಅವತ್ತು ನಾನು ಕೋಳಿ ಕೆದಕಿದ್ದು ಅಂದ್ನಲ್ಲ, ಅದು ಮಾವ ಹೊಲ್ದಿದ್ದು. ಸೂಜಿ ಪೋಣಿಸಿಕೊಟ್ಟಿದ್ದು ಚೋಟಿ. ಅವರಿಬ್ಬರದ್ದು ಸರಿಯಾಗೇ ಇತ್ತು, ನಂದೇ ತಪ್ಪು." ನಾದಿನಿ, "ಅಯ್ಯೋ, ಅಳತೆ ಮೇಡಂಗೇ ದಂಡ ಬಿತ್ತಲ್ಲಪ್ಪ!" ಎಂದು ನಕ್ಕಳು. ಗಂಡ, "ರಸೀದಿ ಬರ್ಕೊಡೋರು ಯಾರು?" ಎಂದ. ಚೋಟಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಅಗಿಯುವುದನ್ನು ಮಾತ್ರ ಒಂದು ಕ್ಷಣ ನಿಲ್ಲಿಸಿ, ಮತ್ತೆ ಅಗಿಯತೊಡಗಿದಳು. ಅಂದು ಸಂಜೆ ಅಮ್ಮ ಪೆಟ್ಟಿಗೆ ಹೊರಗೆ ತೆಗೆಯಲಿಲ್ಲ. ಚೋಟಿ ಒಂದೆರಡು ಸಲ ಮಂಚದ ಕೆಳಗೆ ಇಣುಕಿ, ಪೆಟ್ಟಿಗೆ ಅಲ್ಲೇ ಇರುವುದನ್ನು ನೋಡಿ, ಕೊನೆಗೆ ಬಂದು ಪಕ್ಕದಲ್ಲಿ ಕೂತಳು. ನಡುವೆ ಒಂದು ಗೇಣು ಜಾಗ ಬಿಟ್ಟೇ.

ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸು, ಮತ್ತೆ ಮೂರು ದಿನದ ಪ್ರವಾಸ. ಊರು ದಾಟಿದ ಮೇಲೆ ಅವಳು ಚೀಲಕ್ಕೆ ಕೈ ಹಾಕಿದಳು. ಹೊಸ ಪಟ್ಟಿಯನ್ನು ಶನಿವಾರವೇ ಅವಳು ಸುತ್ತಿ ಇಟ್ಟಿದ್ದಳು, ಆದರೆ ಈಗ ಅದಕ್ಕೊಂದು ದಾರ ಕಟ್ಟಿತ್ತು, ಹಲ್ಲಿನಿಂದ ಬಿಚ್ಚಬೇಕಾದಂಥ ಗಂಟು. ಹಲ್ಲಿನಿಂದಲೇ ಬಿಚ್ಚಿದಳು. ಪಟ್ಟಿಯ ಅಂಚಿನಲ್ಲಿ ಒಂದು ಗೇಣಿನಷ್ಟು ಹೊಸ ಹೊಲಿಗೆ, ಒಂದು ಉದ್ದ ಒಂದು ಗಿಡ್ಡ. ಅದು ನಿಂತ ಕಡೆಯಿಂದ ಮುಂದಕ್ಕೆ, ಬಟ್ಟೆಗೆ ಸಾಲಾಗಿ ಚುಚ್ಚಿದ ಏಳು ಸೂಜಿಗಳು. ಏಳಕ್ಕೂ ನೂಲು ಪೋಣಿಸಿತ್ತು, ಒಂದೊಂದೂ ಒಂದೇ ಉದ್ದ, ತುದಿಗೆ ಪುಟ್ಟ ಗಂಟು. ಎಲ್ಲದರ ಕೆಳಗೆ ಬಣ್ಣದ ಕಡ್ಡಿಯಿಂದ ಎರಡು ಸಣ್ಣ ಗೆರೆ, ನಡುವೆ ಚೋಟಿಯ ಅಕ್ಷರ: ನಾಲ್ಕು ಬೆರಳು. ಕೌದಿಗೆ ಇನ್ನೂ ಅಷ್ಟು ಉದ್ದ ಬೇಕು, ತನ್ನ ಕಾಲು ಅಲ್ಲಿಯವರೆಗೆ ಬರುತ್ತದೆ ಎಂದು.

ಅವಳಿಗೆ ಸ್ವಲ್ಪ ಹೊತ್ತು ಕಣ್ಣು ಮಂಜಾಯಿತು. ಆದರೂ ಪೋಣಿಸುವ ಗೋಜಿರಲಿಲ್ಲ. ಮೊದಲನೆಯ ಸೂಜಿ ಕಿತ್ತು, ಮಾವ ನಿಲ್ಲಿಸಿದ ಕಡೆಯಿಂದ ಹಿಡಿದಳು. ಬಸ್ಸು ಕುಲುಕಿತು. ಒಂದು, ಎರಡು. ಮೂರನೆಯದಕ್ಕೆ ಸೂಜಿ ಹಿಂದಕ್ಕೆ ತಿರುಗಿಸಿ, ನೂಲು ಎರಡು ಸುತ್ತು ಸುತ್ತಿ, ಬಿಗಿಯಾಗಿ ಎಳೆದಳು.